ಸೆರೆಯಾಳಿನ ವಿಡಿಯೋ ನಾನೀಗ ಮ್ಯೂಟ್ ಮಾಡಿ ನೋಡುದು

ಮಂಗಳೂರಲ್ಲಿ ಒಂದು ಪೇಪರಿನ ನೈಟ್ ಡೆಸ್ಕಲ್ಲಿದ್ದೇನೆ, ವಿದೇಶ ಪುಟ ನಂದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ್ಮೇಲೆ ಸೆರೆಸಿಕ್ಕ ಸೈನಿಕರ ವಿಡಿಯೋ ಎರಡೂ ಕಡೆಯಿಂದ ಬರ್ಲಿಕ್ಕೆ ಹಿಡೀತು. ಒಂದಿನ ಪುಟ ಬಿಡ್ಲಿಕ್ಕೆ ಇಪ್ಪತ್ತು ನಿಮಿಷ ಇರುವಾಗ ಒಂದು ಬಂತು, ಮೀಸೆ ಸರಿಯಾಗಿ ಚಿಗುರದ ಹುಡುಗ, ನಾವು ಮಾಡಿದ್ದು ತಪ್ಪು ಅಂತಿದ್ದಾನೆ, ನಾನು ಹಿಂದೆಮುಂದೆ ನೋಡದೆ 'ತಪ್ಪೊಪ್ಪಿಕೊಂಡ ಸೈನಿಕ' ಅಂತ ಹೆಡ್ಡಿಂಗ್ ಹೊಡೆದೆ, ಫೋಟೋ ಮೂರು ಕಾಲಂ.

ಮರುದಿನ ಹಂಪನಕಟ್ಟೆಯಲ್ಲಿ ಚಾ ಕುಡಿವಾಗ ವಕೀಲ ದೋಸ್ತಿ ಶುರು ಮಾಡಿದ. "ಎಂತ ಮಾರಾಯ, ಪೊಲೀಸ್ರ ಹತ್ರ ತಪ್ಪೊಪ್ಪಿಕೊಂಡದ್ದನ್ನ ಆರೋಪಿ ವಿರುದ್ಧ ಸಾಕ್ಷಿ ಅಂತ ನಮ್ಮ ಕೋರ್ಟೇ ತಗೊಳ್ಳುದಿಲ್ಲ, ನೀನು ಬಂದೂಕಿನೆದುರು ಹೇಳಿದ್ದನ್ನ ಮೂರು ಕಾಲಂ ಹಾಕಿದ್ದೀಯಲ್ಲ?" ಎವಿಡೆನ್ಸ್ ಆ್ಯಕ್ಟಿನ 25ನೇ ಸೆಕ್ಷನ್ ಅಂತೆ, ಈಗ ಹೊಸ ಕಾಯ್ದೆಯಲ್ಲಿ 23. ಚಾ ಗಂಟಲಲ್ಲಿ ಇಳೀಲಿಲ್ಲ.

ಈಗ ಮೊದ್ಲು ಸೌಂಡ್ ತೆಗೆದು ನೋಡ್ತೇನೆ. ಕಣ್ಣು ಕ್ಯಾಮರಾದ ಪಕ್ಕ ಒಂದೇ ಜಾಗಕ್ಕೆ ಹೋಗಿ ಬರ್ತಾ ಉಂಟಾ, ಹಾಗಾದ್ರೆ ಬರೆದುಕೊಟ್ಟದ್ದು ಓದ್ತಾ ಇರಬಹುದು. ಗೋಡೆ ಮೇಲಿನ ನೆರಳು ಥಟ್ಟಂತ ಜಾಗ ಬದಲಿಸಿದ್ರೆ ಅಲ್ಲಿ ಕಟ್ ಮಾಡಿರಬಹುದು, ನಡುವೆ ಎಂತ ಆಯ್ತೋ. 1966ರಲ್ಲಿ ಉತ್ತರ ವಿಯೆಟ್ನಾಂ ಸೆರೆಯಲ್ಲಿದ್ದ ಅಮೆರಿಕದ ಪೈಲಟ್ ಜೆರಮಾಯಾ ಡೆಂಟನ್ ಟಿವಿ ಮುಂದೆ ಬಾಯಲ್ಲೊಂದು ಹೇಳ್ತಾ ರೆಪ್ಪೆ ಬಡಿದು ಮೋರ್ಸ್ ಕೋಡಲ್ಲಿ, ಅಂದ್ರೆ ತಂತಿ ಕಳಿಸುವ ಚುಕ್ಕೆ-ಗೆರೆ ಸಂಕೇತದಲ್ಲಿ, 'ಟಾರ್ಚರ್' ಅಂದಿದ್ದ. ಎಲ್ರಿಗೂ ಅಷ್ಟು ಗುಂಡಿಗೆ ಇರ್ತದಾ?

ಆಮೇಲೆ ಅವ ಹೇಳಿದ ಊರು, ತಾರೀಕು, ಸತ್ತವರ ವಿಷಯ ಅವನನ್ನ ಬಿಟ್ಟು ಬೇರೆ ಕಡೆಯಿಂದ ಸಿಗ್ತದಾ ಅಂತ ಹುಡುಕ್ತೇನೆ. ಸಿಗದಿದ್ರೆ 'ಒಪ್ಪಿಕೊಂಡ' ಅನ್ನುವ ಶಬ್ದವೇ ಇಲ್ಲ, ಸೆರೆಯಲ್ಲಿದ್ದಾಗ ತೆಗೆದ ವಿಡಿಯೋ, ಬಿಟ್ಟದ್ದು ಇಂಥ ಸೇನೆ ಅಂತ ಮೊದಲ ಪ್ಯಾರಾದಲ್ಲೇ. ಅಲ್ ಖೈದಾದ ನಂಟಿನವ ಅಂತ ಸೆರೆಹಿಡಿದ ಅಲ್-ಲಿಬಿ ಅನ್ನುವವನನ್ನ ಈಜಿಪ್ಟಿನಲ್ಲಿ ಹಿಂಸಿಸಿ ಇರಾಕ್ ಅಲ್ ಖೈದಾಕ್ಕೆ ವಿಷಾಸ್ತ್ರ ತರಬೇತಿ ಕೊಟ್ಟಿದೆ ಅಂತ ಹೇಳಿಸಿದ್ದು, 2003ರ ಫೆಬ್ರವರಿಯಲ್ಲಿ ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ ಅದನ್ನೇ ವಿಶ್ವಸಂಸ್ಥೆಯಲ್ಲಿ ಹೇಳಿದ್ದು, ಪೇಪರ್‌ಗಳು ಅಚ್ಚು ಹಾಕಿದ್ದು. ಅವ ಹೇಳಿಕೆ ಹಿಂದೆ ತಗೊಳ್ಳುವಾಗ 2004, ಇರಾಕ್ ಮೇಲೆ ಅಮೆರಿಕದ ದಾಳಿ ಆಗಿಹೋಗಿತ್ತು.

ಮುಖವೂ ಹಾಕುದಿಲ್ಲ. 1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಸೆರೆಯಾಳನ್ನ ಜನರ ಕುತೂಹಲಕ್ಕೆ ಒಡ್ಡಬಾರದು ಅಂತದೆ. 2019ರಲ್ಲಿ ಅಭಿನಂದನ್ ವಿಡಿಯೋ ಬಂದಾಗ ನಮಗೆಲ್ಲ ಎಷ್ಟು ಸಿಟ್ಟು ಬಂದಿತ್ತು, ಬೇರೆ ದೇಶದವ ಆದ್ರೆ ಮಾತ್ರ ಫೋಟೋ ದೊಡ್ಡದು ಹಾಕಿ ಅಂತೇವೆ.

ಮೊನ್ನೆ ಚೀಫ್ ಸಬ್ ಎಡಿಟರ್ ಪುಟ ನೋಡಿ ಗೊಣಗಿದ್ರು, "ಇಷ್ಟುದ್ದ ಹೆಡ್ಡಿಂಗ್ ಎರಡು ಕಾಲಮಲ್ಲಿ ಕೂರುದಿಲ್ಲ ಮಾರಾಯ್ರೆ, 'ತಪ್ಪೊಪ್ಪಿಗೆ' ಅಂದ್ರೆ ಮುಗೀತಲ್ಲ?" ನಾನು ಫಾಂಟ್ ನಾಲ್ಕು ಪಾಯಿಂಟ್ ಇಳಿಸಿದೆ, ಕೂತಿತು.