ಹಸುಗೆ ಬೂಸಾ ಇಟ್ಟಿರಿ, ನೀವು ತಿಂದಿರಾ?

ಕೋಲಾರದ ಕಡೆ ಹಸು ಕಟ್ಟಿರುವ ಮನೆಯಲ್ಲಿ ಹೆಂಗಸರ ಬೆಳಗು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಐದಕ್ಕೆ ಎದ್ದು, ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬಂದು, ಮಕ್ಕಳ ಡಬ್ಬಿ ಕಟ್ಟಿ, ಇಷ್ಟೆಲ್ಲಾ ಮುಗಿದು ನಮ್ಮ ಹೊಟ್ಟೆಗೆ ಏನಾದರೂ ಬೀಳುವಾಗ ಹನ್ನೊಂದು ಗಂಟೆ. ಅಲ್ಲಿವರೆಗೂ ಬರೀ ಟೀ. ನಾನೂ ಹಾಗೇ ಇದ್ದೆ. ಒಂದು ದಿನ ಡೇರಿ ಸಾಲಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದೆ, ಕ್ಯಾನ್ ಉರುಳಿ ಹಾಲೆಲ್ಲಾ ಮಣ್ಣುಪಾಲಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಹೆಂಗಸರಿಗೆ 12 ಆದರೂ ಇರಬೇಕು.

ಅದಕ್ಕೇ ಮೊದಲು ಹೊಟ್ಟೆ ನೋಡಿಕೊಳ್ಳಿ. ರಾತ್ರಿ ಉಳಿದ ಮುದ್ದೆನ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಒಂದು ಲೋಟ ಕುಡಿದೇ ಕೊಟ್ಟಿಗೆಗೆ ಹೋಗಿ. ಎರಡು ನಿಮಿಷ ಸಾಕು. ಟೀ ಬಿಡಿ ಅಂತ ಹೇಳಲ್ಲ, ಆದರೆ ಊಟದ ಜೊತೆ ಬೇಡ. ಹಿಮೋಗ್ಲೋಬಿನ್ ಏರೋಕೆ ಕಬ್ಬಿಣದ ಅಂಶ ಬೇಕು, ಸೊಪ್ಪು ಕಾಳಿನಲ್ಲಿರುವ ಆ ಕಬ್ಬಿಣ ಮೈಗೆ ಹತ್ತದ ಹಾಗೆ ಟೀ ತಡೆಯುತ್ತದೆ, ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಮಸ್ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಹಿಮೋಗ್ಲೋಬಿನ್ ಇಷ್ಟು ಕಮ್ಮಿ ಇದ್ದರೆ ಊಟ ಒಂದೇ ಸಾಲದು, ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ತಪ್ಪಿಸಬೇಡಿ.

ಆಮೇಲೆ ನೀರು. ನಮ್ಮ ಕಡೆ ತುಂಬಾ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿಗೆ ಕಂದು ಬಣ್ಣ ಬರುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಕಾಯಿಸಿ ಆರಿಸಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೀರಾ? ಇಲ್ಲ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯೋಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದಿಂದಲೇ ತನ್ನಿ.

ಮೂವತ್ತು ದಾಟಿದ್ದರೆ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ರಾತ್ರಿ ಏಳು ಗಂಟೆ ನಿದ್ದೆ ಬೇಕೇ ಬೇಕು, ಐದಕ್ಕೆ ಏಳುವವರು ಹತ್ತಕ್ಕೆ ಫೋನ್ ಪಕ್ಕಕ್ಕಿಡಿ.

ಮನಸ್ಸಿನ ಮಾತು ಮಾತ್ರ ನಾವು ಯಾರಿಗೂ ಹೇಳಲ್ಲ, ಅಲ್ವಾ? ಸುಮ್ನೆ ಅಳು ಬರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು ವಾರಗಟ್ಟಲೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕೆಲಸ ಹಂಚುವುದು. ಮನೆಯವರನ್ನು ಬಾಯಿಬಿಟ್ಟು ಕೇಳಿ, ಅವರೇ ಅರ್ಥಮಾಡಿಕೊಳ್ಳಲಿ ಅಂತ ಕಾಯಬೇಡಿ. ನಾನು ಕೇಳಿದ ಮೇಲೆ ಸಂಜೆ ಹಾಲನ್ನು ಯಜಮಾನರೇ ಡೇರಿಗೆ ಹಾಕಿ ಬರುತ್ತಾರೆ. ಆ ಅರ್ಧ ಗಂಟೆ ನಾನು ಜಗಲಿ ಮೇಲೆ ಕಾಲು ಚಾಚಿ ಕೂತಿರುತ್ತೇನೆ.