ಹಳೆಯ ಫಿಲ್ಮ್ ಕ್ಯಾಮೆರಾ: ಎಣ್ಣೆ ಬಿಡುವ ಮೊದಲು ದೋಷ ಹುಡುಕಿ

ವರ್ಷಗಟ್ಟಲೆ ಕಪಾಟಿನಲ್ಲಿದ್ದ ಕ್ಯಾಮೆರಾ ಕೈಗೆ ಬಂದಾಗ ಅದಕ್ಕೆ ಎಣ್ಣೆ ಬಿಡಲು ಹೋಗಬೇಡಿ. ಇಂಥವುಗಳಲ್ಲಿ ಬಿಡಿಭಾಗ ಸವೆದಿರುವುದು ಕಡಿಮೆ. ಒಳಗಿನ ಗ್ರೀಸು ಒಣಗಿ ಗಟ್ಟಿಯಾಗಿರುತ್ತದೆ, ಬೆಳಕು ಒಳನುಗ್ಗದಂತೆ ತಡೆಯುವ ಫೋಮ್ ಕರಗಿ ಅಂಟಾಗಿರುತ್ತದೆ, ಅಷ್ಟೇ. ಮೇಲಿಂದ ಬಿಟ್ಟ ಎಣ್ಣೆ ಆ ಜಿಡ್ಡನ್ನು ಎರಡು ದಿನ ಸಡಿಲಿಸಿ, ಆಮೇಲೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಶಟರ್ ಪರದೆಗೂ ಲೆನ್ಸಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳಿಗೂ ಹರಡಿಬಿಡುತ್ತದೆ.

ಶಟರ್ ಸತ್ತಿದೆ ಎನ್ನುವ ಮೊದಲು ಬ್ಯಾಟರಿಯ ವಿಚಾರ ತಿಳಿದುಕೊಳ್ಳಿ. ಪೆಂಟಾಕ್ಸ್ ಕೆ1000, ನಿಕಾನ್ ಎಫ್ಎಂ2 ಇವುಗಳಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದಿಲ್ಲದೆಯೂ ಎಲ್ಲ ಶಟರ್ ವೇಗಗಳೂ ಓಡುತ್ತವೆ. ಕ್ಯಾನನ್ ಎಇ-1ರಲ್ಲಿ ಹಾಗಲ್ಲ, 6 ವೋಲ್ಟ್ ಬ್ಯಾಟರಿ ಇಲ್ಲದಿದ್ದರೆ ಶಟರ್ ಬೀಳುವುದೇ ಇಲ್ಲ.

ಈಗ ಲೆನ್ಸ್ ತೆಗೆದು, ಹಿಂಬಾಗಿಲು ತೆರೆದು, 1 ಸೆಕೆಂಡಿಗೆ ಇಟ್ಟು ಶಟರ್ ಒತ್ತಿ. ನಿಧಾನ ವೇಗಗಳನ್ನು ಅಳೆಯುವುದು ಸಣ್ಣ ಹಲ್ಲುಚಕ್ರಗಳ ಸಾಲು. ಅದರ ‘ಝರ್’ ಸದ್ದು ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು. ನಡುವೆ ತೊದಲಿದರೆ, ನಿಂತುಹೋದರೆ, ಜಿಡ್ಡು ಹಿಡಿದಿದೆ ಎಂದರ್ಥ. ಕಿವಿ ಸಾಲದಿದ್ದರೆ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೋ ತೆಗೆದು, ಶಟರ್ ತೆರೆದಿರುವ ಫ್ರೇಮುಗಳನ್ನು ಎಣಿಸಿ: 1/8 ಸೆಕೆಂಡಿಗೆ 30, 1/30ಕ್ಕೆ 8 ಬರಬೇಕು. ಅದಕ್ಕಿಂತ ಹೆಚ್ಚಿನ ವೇಗಕ್ಕೆ ಈ ಲೆಕ್ಕ ನಂಬಬೇಡಿ. ನಿಧಾನ ವೇಗಗಳಲ್ಲಿ ಮೂವತ್ತು ನಲವತ್ತು ಸಲ ಓಡಿಸಿದರೆ ಎಷ್ಟೋ ಶಟರುಗಳು ಸರಿದಾರಿಗೆ ಬರುತ್ತವೆ. ಮರುದಿನ ಮತ್ತೆ ತೊದಲಿದರೆ ಒಳಗನ್ನು ಬಿಚ್ಚಿ ತೊಳೆಯಲೇಬೇಕು. ಅದು ಪಳಗಿದ ಮೆಕ್ಯಾನಿಕ್ಕಿನ ಕೆಲಸ.

1/1000ರ ಪರೀಕ್ಷೆ ಬೇರೆ. ಬೆಳಕಿರುವ ಬಿಳಿ ಗೋಡೆಯ ಕಡೆ ಹಿಡಿದು ಹಿಂಬದಿಯಿಂದ ನೋಡುತ್ತಾ ಒತ್ತಿ. ಇಡೀ ಚೌಕ ಒಮ್ಮೆ ಮಿಂಚಬೇಕು. ಒಂದು ಅಂಚು ಕತ್ತಲಾಗೇ ಉಳಿದರೆ, ಶಟರಿನ ಎರಡು ಪರದೆಗಳಲ್ಲಿ ತೆರೆಯುವ ಮೊದಲ ಪರದೆ ನಿಧಾನವಾಗಿ, ಮುಚ್ಚುವ ಎರಡನೆಯದು ಅದನ್ನು ಹಿಡಿದುಬಿಟ್ಟಿದೆ. ರಿಪೇರಿ ಆಗುವವರೆಗೆ 1/250ಕ್ಕಿಂತ ನಿಧಾನ ವೇಗಗಳಲ್ಲಿ ಬಳಸಿ ನೋಡಬಹುದು. ಸೋವಿಯತ್ ಕಾಲದ ಫೆಡ್, ಜೋರ್ಕಿ ಕ್ಯಾಮೆರಾ ಇದ್ದವರು ಮಾತ್ರ ಫಿಲ್ಮನ್ನು ಮುಂದೆ ಸರಿಸಿ ಶಟರ್ ಸಜ್ಜಾದ ಮೇಲೆಯೇ ವೇಗದ ಗುಂಡಿ ತಿರುಗಿಸಬೇಕು. ಮೊದಲೇ ತಿರುಗಿಸಿದರೆ ಒಳಗಿನ ಜೋಡಣೆ ಕೆಡುತ್ತದೆ.

ಚಿತ್ರದಲ್ಲಿ ಬಿಳಿ ಅಥವಾ ಕೆಂಪು ಗೆರೆ ಬಂದರೆ ಸ್ಕ್ಯಾನ್ ನೋಡಬೇಡಿ, ನೆಗೆಟಿವನ್ನೇ ಬೆಳಕಿಗೆ ಹಿಡಿಯಿರಿ. ಅಲ್ಲಿ ಕಪ್ಪಾಗಿ ಕಾಣುವ ಆ ಕಲೆ ಚಿತ್ರದ ಚೌಕವನ್ನು ದಾಟಿ ಅಂಚಿನ ತೂತುಗಳವರೆಗೆ ಹರಡಿದ್ದರೆ ಬೆಳಕು ಹಿಂಬಾಗಿಲಿನಿಂದ ನುಗ್ಗಿದೆ. ಚೌಕದೊಳಗೇ ನಿಂತಿದ್ದರೆ ಅನುಮಾನ ಶಟರ್ ಪರದೆಯ ಮೇಲೆ: ಕತ್ತಲ ಕೋಣೆಯಲ್ಲಿ ಲೆನ್ಸಿನ ಕಡೆಯಿಂದ ಟಾರ್ಚ್ ಹಾಕಿ ಹಿಂದಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಲೆನ್ಸಿನ ಹಿಂದೆ ಕನ್ನಡಿಯಿರುವ ಎಸ್ಎಲ್ಆರ್ ಆದರೆ ಅದು ಅಡ್ಡ ಬರುವುದರಿಂದ ಟಾರ್ಚನ್ನು ಹಿಂದಿನಿಂದ ಹಾಕಿ, ಮುಂದಿನಿಂದ ಕನ್ನಡಿಯ ಸುತ್ತ ಇಣುಕಿ. ಒಳಗೆ ಅಂಥ ಕನ್ನಡಿಯಿಲ್ಲದ, ಬಟ್ಟೆ ಪರದೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಲೆನ್ಸ್ ಮುಚ್ಚಳವಿಲ್ಲದೆ ಬಿಸಿಲಿಗೆ ಮುಖಮಾಡಿ ಇಡಲೇಬೇಡಿ. ಲೆನ್ಸ್ ಭೂತಗನ್ನಡಿಯಾಗಿ ಪರದೆಯನ್ನು ಸುಟ್ಟುಬಿಡುತ್ತದೆ.

ಹಿಂಬಾಗಿಲಿನ ಫೋಮ್ ಬದಲಿಸುವುದು ಮನೆಯಲ್ಲೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ. ಹಳೆಯ ಫೋಮ್ ಮುಟ್ಟಿದರೆ ಡಾಂಬರಿನಂತೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಕ್ಯಾಮೆರಾವನ್ನು ಓರೆಯಾಗಿ, ತೆರೆದ ಬಾಗಿಲು ಕೆಳಮುಖವಾಗುವಂತೆ ಹಿಡಿಯಿರಿ, ಪುಡಿ ಶಟರಿಗೆ ಬೀಳದಿರಲಿ. ಐಸೋಪ್ರೊಪೈಲ್ ಆಲ್ಕೋಹಾಲ್ ತುಸುವೇ ತಾಗಿಸಿದ ಬಿದಿರುಕಡ್ಡಿಯಿಂದ ತೋಡನ್ನು ಉದ್ದಕ್ಕೂ ಕೆರೆಯುತ್ತಾ ಬನ್ನಿ. ಲೋಹದ ಮೊನೆ ಬೇಡ, ಬಣ್ಣ ಏಳುತ್ತದೆ. ಕಡ್ಡಿಯಿಂದ ದ್ರವ ತೊಟ್ಟಿಕ್ಕಬಾರದು. ಕೊನೆಯ ಅಂಟೂ ಹೋದ ಮೇಲೆ ಅರ್ಧ ಗಂಟೆ ಆರಲು ಬಿಡಿ. ಮೇಲಿನ, ಕೆಳಗಿನ ಸಣ್ಣ ತೋಡುಗಳಿಗೆ 1.5 ಮಿ.ಮೀ. ಫೋಮ್ ಪಟ್ಟಿ ಸಾಮಾನ್ಯವಾಗಿ ಸಾಕು, ಕಪ್ಪು ಉಣ್ಣೆ ದಾರವೂ ನಡೆಯುತ್ತದೆ. ಬಾಗಿಲ ಕೀಲಿನ ಕಡೆಗೆ 2 ಮಿ.ಮೀ. ಪಟ್ಟಿ ಬೇಕು. ಅಂಟಿರುವ ಮಗ್ಗುಲಿಗೆ ನೀರು ಸವರಿಕೊಂಡರೆ ಪಟ್ಟಿಯನ್ನು ಅತ್ತಿತ್ತ ಜಾರಿಸಿ ಕೂರಿಸಬಹುದು, ಆರಿದ ಮೇಲೆ ಹಿಡಿದುಕೊಳ್ಳುತ್ತದೆ. ಬಾಗಿಲು ಮುಚ್ಚಲು ಅದುಮಬೇಕಾಗಿ ಬಂದರೆ ಪಟ್ಟಿ ದಪ್ಪವಾಯಿತು, ಕಿತ್ತು ತೆಳ್ಳಗಿನದು ಹಾಕಿ.

ಕನ್ನಡಿ ಮೇಲೆದ್ದು ತಾಗುವ ಕಡೆಯೂ ಒಂದು ಫೋಮ್ ಇದೆ, ಅದನ್ನೂ ಬದಲಿಸಿ. ಆದರೆ ಅದರ ಮೇಲಿರುವ, ಕಣ್ಣಿಗೆ ದೃಶ್ಯ ಮೂಡುವ ಫೋಕಸಿಂಗ್ ಸ್ಕ್ರೀನಿಗೆ ಆಲ್ಕೋಹಾಲ್ ತಗಲಬಾರದು, ಪ್ಲಾಸ್ಟಿಕ್ ಮಂಕಾಗುತ್ತದೆ. ಕನ್ನಡಿಯ ಹೊಳಪಿನ ಲೇಪ ಮುಂದಿನ ಮೈಮೇಲೇ ಇರುವುದರಿಂದ ಒರೆಸಿದರೆ ಗೀರು ಬೀಳುತ್ತದೆ. ಎರಡಕ್ಕೂ ರಬ್ಬರ್ ಬ್ಲೋವರಿನ ಗಾಳಿ ಸಾಕು. ಅವುಗಳ ಮೇಲಿನ ದೂಳು ಫೋಟೋದಲ್ಲಿ ಬರುವುದಿಲ್ಲ.

ಮೀಟರ್ ಸುಳ್ಳು ಹೇಳುತ್ತಿದ್ದರೆ ವೋಲ್ಟೇಜ್ ನೋಡಿ. ಒಲಿಂಪಸ್ ಓಎಂ-1ರಂಥವು 1.35 ವೋಲ್ಟಿನ ಪಾದರಸ ಬ್ಯಾಟರಿಗೆ ಮಾಡಿದವು. ಅಲ್ಲಿ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸಿ, ಫಿಲ್ಮಿಗೆ ಬೆಳಕು ಕಡಿಮೆ ಬೀಳುತ್ತದೆ. ಮೀಟರಿನ ಐಎಸ್ಒ (ಫಿಲ್ಮಿನ ಬೆಳಕು ಗ್ರಹಿಸುವ ಶಕ್ತಿಯ ಅಂಕ) ಬದಲಿಸಿ ಸರಿದೂಗಿಸೋಣ ಎಂದರೆ ಆಲ್ಕಲೈನ್ ವೋಲ್ಟೇಜು ಬಳಸಿದಂತೆ ಇಳಿಯುತ್ತಲೇ ಹೋಗುತ್ತದೆ. ಕಿವಿಯಂತ್ರದ 675 ಜಿಂಕ್-ಏರ್ ಬ್ಯಾಟರಿಗೆ ಸುತ್ತ ಒಂದು ಉಂಗುರ ಹಾಕಿ ಕೂರಿಸುವುದು ಒಳ್ಳೆಯ ದಾರಿ. ಸ್ಟಿಕ್ಕರ್ ಕಿತ್ತ ಮೇಲೆ ಅದು ಕೆಲವು ತಿಂಗಳಷ್ಟೇ ಬಾಳುತ್ತದೆ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಕಂಡರೆ ಇಯರ್ ಬಡ್‌ಗೆ ವಿನೆಗರ್ ತಾಗಿಸಿ ಒರೆಸಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ.

ಫಿಲ್ಮ್ ಸರಿಸುವ ಲಿವರ್ ಸಿಕ್ಕಿಕೊಂಡರೆ ಬಲ ಹಾಕಬೇಡಿ. ರೋಲ್ ಮುಗಿದಿದೆಯೇ, ತಳದ ರಿವೈಂಡ್ ಗುಂಡಿ ಒಳಗೇ ಉಳಿದಿದೆಯೇ, ಸೆಲ್ಫ್ ಟೈಮರ್ ಅರ್ಧಕ್ಕೆ ನಿಂತಿದೆಯೇ ನೋಡಿ. ಫಿಲ್ಮ್ ಒಳಗೇ ಹರಿದಿದ್ದರೆ ಬೆಳಕು ತೂರದ ಚೀಲದಲ್ಲೇ ಬಾಗಿಲು ತೆರೆಯಿರಿ. ಸ್ಕ್ರೂ ಬಿಚ್ಚಲೇಬೇಕಾದರೆ ಜಪಾನಿ ಕ್ಯಾಮೆರಾಗಳಿಗೆ ಜೆಐಎಸ್ (ಜಪಾನಿ ಅಳತೆಯ) ಸ್ಕ್ರೂಡ್ರೈವರ್ ಬೇಕು. ಸಾಮಾನ್ಯ ಫಿಲಿಪ್ಸ್ ಮೊನೆ ಜಾರಿ ಸ್ಕ್ರೂವಿನ ತಲೆಯನ್ನು ಕೊರೆದುಹಾಕುತ್ತದೆ.

ಎತ್ತಿಡುವಾಗ ಶಟರ್ ಸಜ್ಜಾದ ಸ್ಥಿತಿಯಲ್ಲಿರದಿರಲಿ, ಬ್ಯಾಟರಿ ಹೊರಗಿರಲಿ. ಚರ್ಮದ ಕೇಸು ತೇವ ಹೀರಿ ಲೆನ್ಸಿಗೆ ಬೂಷ್ಟು ತರುತ್ತದೆ. ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಒಳಗೊಂದು ತೇವಮಾಪಕ ಹಾಕಿ 40ರಿಂದ 50 ಶೇಕಡಾದೊಳಗೆ ಕಾಯ್ದುಕೊಳ್ಳಿ. ತಿಂಗಳಿಗೊಮ್ಮೆ ಹೊರತೆಗೆದು ಪ್ರತಿ ವೇಗದಲ್ಲೂ ನಾಲ್ಕೈದು ಸಲ ಶಟರ್ ಒತ್ತಿ, ಫೋಕಸ್ ಮತ್ತು ಅಪರ್ಚರ್ ಉಂಗುರಗಳನ್ನು ಆಚೆ ತುದಿಯಿಂದ ಈಚೆ ತುದಿಗೆ ತಿರುಗಿಸಿ.