ಜೊಂಡಿನ ಮೇಲೆ ರಬ್ಬರ್ ಕಪ್ಪೆ: ಕೊರವ ಮೀನು ಹಿಡಿಯುವ ಬಗೆ

ಗಾಳದ ದಾರಕ್ಕೆ ನಕಲಿ ಎರೆಯಾಗಿ ರಬ್ಬರ್ ಕಪ್ಪೆ ಹಾಕಿ ಕೊರವ ಮೀನು ಹಿಡಿಯಲು ಹೊರಡುವವರು ಮೀನನ್ನು ಕಳೆದುಕೊಳ್ಳುವುದು ಬಹುತೇಕ ಕೈಯ ಅವಸರದಿಂದಲೇ ಹೊರತು ಕಪ್ಪೆಯ ದೋಷದಿಂದಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಕೆರೆಗಳ ಅಂಚಿನಲ್ಲಿ ಜೊಂಡು ಬೆಳೆದ ಕಡೆ ಸಾಮಾನ್ಯ ಗಾಳ ಮೊದಲ ಎಳೆತದಲ್ಲೇ ಕಸಕ್ಕೆ ಸಿಕ್ಕಿಕೊಳ್ಳುತ್ತದೆ. ಟೊಳ್ಳು ಹೊಟ್ಟೆಯ ಕಪ್ಪೆಯಲ್ಲಾದರೋ ಎರಡು ಕೊಕ್ಕೆಗಳು ಮೊನೆ ಮೇಲಾಗಿ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಅದು ಎಲೆಗಳ ಮೇಲೆ ಜಾರಿ ಬರುತ್ತದೆ. ಮೀನು ಕಚ್ಚಿ ಹೊಟ್ಟೆಯನ್ನು ಅದುಮಿದಾಗ ಮಾತ್ರ ಮೊನೆಗಳು ಹೊರಬೀಳುತ್ತವೆ. ಆದ್ದರಿಂದಲೇ ಇದು ಕಸದ ನೀರಿನ ಸಾಧನ. ಹಿರಿಯೂರಿನ ವಾಣಿವಿಲಾಸ ಸಾಗರದ ಆಳವಾದ, ಬಯಲು ನೀರಿನಲ್ಲಿ ಇದನ್ನು ಎಸೆಯುತ್ತ ಕೂರುವುದು ನನ್ನ ಮಟ್ಟಿಗೆ ವ್ಯರ್ಥ.

ಸುಮಾರು 7 ಅಡಿಯ ಗಟ್ಟಿ ರಾಡ್ ಮತ್ತು 40ರಿಂದ 50 ಪೌಂಡ್ ತಾಳುವ ಹೆಣೆದ ದಾರ ಇರಬೇಕು. ಹಿಗ್ಗುವ ನೈಲಾನ್ ದಾರದಲ್ಲಿ ಎಳೆತದ ಬಲ ಮೀನಿನ ಗಟ್ಟಿ ದವಡೆಯವರೆಗೆ ಪೂರ್ತಿಯಾಗಿ ತಲುಪುವುದಿಲ್ಲ.

ಕೊರವ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು. ಜೊಂಡಿನ ಸಂದಿನಲ್ಲಿ ಸಣ್ಣದೊಂದು ಸುಳಿ ಎದ್ದು ಅಡಗಿದರೆ ಅಲ್ಲಿ ಮೀನಿದೆಯೆಂದು ತಿಳಿಯಬಹುದು. ಆ ಸುಳಿಯ ಮೇಲೆಯೇ ಕಪ್ಪೆಯನ್ನು ಬೀಳಿಸಿದರೆ ಮೀನು ಬೆದರುತ್ತದೆ. ಅದರಾಚೆ ಎರಡು ಮೂರು ಮೀಟರ್ ದೂರಕ್ಕೆ ಎಸೆದು, ರಾಡ್ ತುದಿಯನ್ನು ಮೆಲ್ಲಗೆ ಮಿಡಿಯುತ್ತ ಎಲೆಯಿಂದ ಎಲೆಗೆ ತಂದು, ತೆರೆದ ನೀರಿನ ಕಿಂಡಿ ಬಂದಲ್ಲಿ ಕೆಲವು ಕ್ಷಣ ಸುಮ್ಮನೆ ಬಿಡಬೇಕು. ಕಪ್ಪೆಯ ಮೇಲೆ ಮೀನಿನ ಏಟು ಬೀಳುವುದು ಹೆಚ್ಚಾಗಿ ಈ ನಿಲುಗಡೆಯಲ್ಲೇ.

ಆ ಏಟಿನ ಸದ್ದಿಗೆ ಯಾರಾದರೂ ಬೆಚ್ಚಿ ರಾಡ್ ಎತ್ತಿಬಿಡುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ಎತ್ತಿದೆ. ಮೀನಿನ ಬಾಯಿಂದ ಬಿಡಿಸಿಕೊಂಡ ಕಪ್ಪೆ ಗಾಳಿಯಲ್ಲಿ ಹಾರಿ ಬಂದು ನನ್ನ ಅಂಗಿಯ ತೋಳಿಗೆ ಕೊಕ್ಕೆ ಸಮೇತ ಚುಚ್ಚಿಕೊಂಡಿತು. ನೀರು ಸಿಡಿದೊಡನೆ ರಾಡನ್ನು ಕೆಳಗೆ ಬಾಗಿಸಿ, ಸಡಿಲ ದಾರವನ್ನು ರೀಲಿಗೆ ಸುತ್ತಿ, ಮೀನಿನ ಭಾರ ಕೈಗೆ ತಿಳಿದ ಮೇಲೆ ಒಂದೇ ಬಾರಿಗೆ ಬಲವಾಗಿ ಎಳೆಯಬೇಕು. ಕಣ್ಣು ಕಂಡದ್ದನ್ನು ನಂಬದೆ ಕೈಗೆ ತಿಳಿದದ್ದನ್ನೇ ನಂಬುವುದೆಂದರೆ ಇದೇ. ಕಚ್ಚಿದ ಮೀನಿಗೆ ತಲೆ ತಿರುಗಿಸಲು ಬಿಡದೆ ಜೊಂಡಿನಿಂದ ಈಚೆಗೆ ಎಳೆದುಕೊಳ್ಳಬೇಕು. ಒಮ್ಮೆ ಬೇರುಗಳ ನಡುವೆ ಹೊಕ್ಕರೆ ಅದನ್ನು ಬಿಡಿಸುವುದು ಕಷ್ಟ.

ಮೇಲಿಂದ ಮೇಲೆ ಏಟು ಬಿದ್ದೂ ಮೀನು ಸಿಗದಿದ್ದರೆ ಕಪ್ಪೆಯ ರಬ್ಬರ್ ಕಾಲುಗಳನ್ನು ತುಸು ಗಿಡ್ಡ ಮಾಡಿ, ಕೊಕ್ಕೆಯ ಮೊನೆಗಳನ್ನು ಇಕ್ಕಳದಿಂದ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿ ನೋಡಿ. ಪ್ರತಿ ಏಟಿನ ನಂತರ ಕಪ್ಪೆಯ ಹೊಟ್ಟೆ ಹಿಂಡಿ, ಒಳಗೆ ಸೇರಿದ ನೀರನ್ನು ತೆಗೆಯಬೇಕು. ನೀರು ತುಂಬಿದ ಕಪ್ಪೆ ಹಿಂಭಾಗದಿಂದ ಮುಳುಗಿ ಎಲೆಗಳಿಗೆ ತಡೆಯುತ್ತದೆ.

ಗಾಳ ಹಾಕುವ ಮುನ್ನ ಆ ಕೆರೆಯ ಮೀನು ಗುತ್ತಿಗೆ ಯಾರದೆಂದು ಊರಿನಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಬೇಕು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಗುಳುಗುಳು ಆಡುತ್ತಿರುವುದು ಕಂಡರೆ ಅದರ ಕೆಳಗೆ ತಾಯಿ ತಂದೆ ಮೀನುಗಳು ಕಾವಲಿರುತ್ತವೆ. ಹಸಿವಿಲ್ಲದಿದ್ದರೂ ಅವು ಸಿಟ್ಟಿಗೆ ಕಪ್ಪೆಯ ಮೇಲೆ ಎರಗುವುದರಿಂದ ಹಿಡಿಯುವುದು ಬಲು ಸುಲಭ. ಆದರೆ ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಅಂಥ ಜಾಗದಲ್ಲಿ ನಾನು ರೀಲು ಸುತ್ತಿಕೊಂಡು ಏರಿಯ ಇನ್ನೊಂದು ತುದಿಗೆ ನಡೆಯುತ್ತೇನೆ.